ಕಲಬುರಗಿಯ ಕಥೊಲಿಕ ಶಾಲೆಗಳಲ್ಲಿ ಪ್ರಾಥಮಿಕ ಪಠ್ಯಕ್ರಮ: ಮನೆಮಾತು, ಕನ್ನಡ ಮತ್ತು ಇಂಗ್ಲಿಷ್

ಕರಾವಳಿಯ ಅನೇಕ ಕುಟುಂಬಗಳಿಂದ ಗುರುಗಳು, ಧರ್ಮಭಗಿನಿಯರು ಹಾಗೂ ಶಿಕ್ಷಕಿಯರು ಕಲಬುರಗಿ, ಬೀದರ್ ಕಡೆಗೆ ಸೇವೆಗೆ ಹೋಗಿದ್ದಾರೆ. ಅಲ್ಲಿನ ಶಾಲೆಗಳಿಗೆ ನಮ್ಮ ಧರ್ಮಕೇಂದ್ರಗಳಿಂದ ಸಹಾಯವೂ ಹೋಗುತ್ತದೆ. ಆದರೆ ಆ ಶಾಲೆಗಳ ಒಂದನೇ, ಎರಡನೇ ತರಗತಿಯಲ್ಲಿ ಮಕ್ಕಳಿಗೆ ಏನನ್ನು, ಯಾವ ಭಾಷೆಯಲ್ಲಿ ಕಲಿಸಲಾಗುತ್ತದೆ ಎಂಬುದನ್ನು ಬಲ್ಲವರು ನಮ್ಮಲ್ಲಿ ಕಡಿಮೆ. ಅಲ್ಲಿಗೆ ಹೋಗಲಿರುವವರಿಗೂ ಇಲ್ಲಿಂದ ನೆರವು ನೀಡುವವರಿಗೂ ಉಪಯೋಗವಾಗಲೆಂದು ಈ ಮಾಹಿತಿಯನ್ನು ನೀಡುತ್ತಿದ್ದೇವೆ.

2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಶೇ. 91.12 ಫಲಿತಾಂಶದೊಂದಿಗೆ ರಾಜ್ಯಕ್ಕೆ ಮೊದಲ ಸ್ಥಾನ ಪಡೆಯಿತು. ಉಡುಪಿ ಎರಡನೆಯದು. ಕಲಬುರಗಿ ಜಿಲ್ಲೆ ಶೇ. 42.43ರೊಂದಿಗೆ ಕೊನೆಯ ಸ್ಥಾನದಲ್ಲಿತ್ತು. ಇದಕ್ಕೆ ಕಾರಣಗಳು ಹಲವು: ಶಿಕ್ಷಕರ ಕೊರತೆ, ಬಡತನ, ಕೆಲಸ ಹುಡುಕಿಕೊಂಡು ಪುಣೆ, ಮುಂಬಯಿಗೆ ಗುಳೆ ಹೋಗುವ ತಂದೆತಾಯಿಗಳು. ಆದರೆ ಹತ್ತನೇ ತರಗತಿಯಲ್ಲಿ ಎಡವುವ ಮಗು ಅನೇಕ ವೇಳೆ ಮೊದಲು ಎಡವಿರುವುದು ಎರಡನೇ ತರಗತಿಯಲ್ಲಿ, ಓದಲು ಕಲಿಯಬೇಕಾದ ಹೊತ್ತಿನಲ್ಲಿ ಎಂಬುದು ನಮ್ಮ ಅಭಿಪ್ರಾಯ. ಆದ್ದರಿಂದ ಪ್ರಾಥಮಿಕ ಪಠ್ಯಕ್ರಮದ ಬಗ್ಗೆಯೇ ಮೊದಲು ಮಾತನಾಡಬೇಕಾಗಿದೆ.

ಕಲಬುರಗಿ ಧರ್ಮಪ್ರಾಂತ್ಯ 2005ರಲ್ಲಿ ಸ್ಥಾಪನೆಯಾಯಿತು. ಅತಿ ವಂದನೀಯ ರಾಬರ್ಟ್ ಮೈಕಲ್ ಮಿರಾಂದ ಅದರ ಮೊದಲ ಧರ್ಮಾಧ್ಯಕ್ಷರಾಗಿ ನೇಮಕಗೊಂಡರು. ರಾಜ್ಯ ಪಠ್ಯಕ್ರಮವನ್ನು ಅನುಸರಿಸುವ ಕಥೊಲಿಕ ಶಾಲೆಗೆ ಪಾಠಪುಸ್ತಕವನ್ನು ಧರ್ಮಪ್ರಾಂತ್ಯ ಬರೆಯುವುದಿಲ್ಲ. ಒಂದರಿಂದ ನಾಲ್ಕನೇ ತರಗತಿಯವರೆಗೆ ಪ್ರಥಮ ಭಾಷೆ, ದ್ವಿತೀಯ ಭಾಷೆ, ಗಣಿತ, ಪರಿಸರ ಅಧ್ಯಯನ ಇವು ಮುಖ್ಯ ವಿಷಯಗಳು. ತೃತೀಯ ಭಾಷೆ ಆರನೇ ತರಗತಿಯಿಂದ. ಸರ್ಕಾರಿ ಕನ್ನಡ ಶಾಲೆಗಳಲ್ಲಿ ಇಂಗ್ಲಿಷ್ ಒಂದನೇ ತರಗತಿಯಿಂದಲೇ ಒಂದು ವಿಷಯವಾಗಿ ಬಂದದ್ದು 2007-08ರಲ್ಲಿ. ಇಂಗ್ಲಿಷ್ ಮಾಧ್ಯಮ ಶಾಲೆಗಳಲ್ಲಿ ಕನ್ನಡ ಕಲಿಸುವುದನ್ನು 2015ರ ಕನ್ನಡ ಭಾಷಾ ಕಲಿಕಾ ಅಧಿನಿಯಮ ಕಡ್ಡಾಯಗೊಳಿಸಿತು. ಅದು 2017-18ರಲ್ಲಿ ಒಂದನೇ ತರಗತಿಯಿಂದ ಹಂತ ಹಂತವಾಗಿ ಜಾರಿಗೆ ಬಂತು. ಅಂದರೆ ಶಾಲೆ ಯಾವ ಮಾಧ್ಯಮದ್ದಾದರೂ ಆರು ವರ್ಷದ ಮಗು ಎರಡು ಭಾಷೆಗಳನ್ನು ಒಟ್ಟಿಗೆ ಎದುರಿಸಬೇಕು.

ಕಲಬುರಗಿಯಲ್ಲಿ ಆ ಎರಡೂ ಅನೇಕ ಮಕ್ಕಳ ಮನೆಮಾತಲ್ಲ. ನಗರದ ಗಾಜಿಪುರದಂತಹ ಬಡಾವಣೆಯಿಂದ ಬರುವ ಮಗು ಮನೆಯಲ್ಲಿ ಕನ್ನಡ ಆಡಬಹುದು, ದಖ್ಖನಿ ಉರ್ದು ಆಡಬಹುದು, ತೆಲುಗು ಅಥವಾ ಮರಾಠಿಯೂ ಇರಬಹುದು. ಕಮಲಾಪುರ ಕಡೆಯ ತಾಂಡಾದಿಂದ ಬರುವ ಮಗುವಿನ ಮಾತು ಲಂಬಾಣಿ. ಇದಕ್ಕೆ ಇತಿಹಾಸವಿದೆ. 1948ರ ಸೆಪ್ಟೆಂಬರ್‌ವರೆಗೆ ಈ ಪ್ರದೇಶ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು. ಆಡಳಿತದ ಭಾಷೆ ಉರ್ದು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿ. 1956ರ ನವೆಂಬರ್ 1ರಂದು ಕಲಬುರಗಿ ಕನ್ನಡ ನಾಡಿನೊಂದಿಗೆ ಸೇರಿದ ಮೇಲೆ ಕಚೇರಿಯ ಭಾಷೆ ಬದಲಾಯಿತು, ಮನೆಯ ಭಾಷೆಗಳು ಹಾಗೆಯೇ ಉಳಿದವು.

ಇನ್ನು ಕನ್ನಡವೇ ಮನೆಮಾತಾದ ಮಗುವಿಗೂ ಪಾಠಪುಸ್ತಕ ಸುಲಭವಲ್ಲ. ಪುಸ್ತಕದಲ್ಲಿ 'ಈರುಳ್ಳಿ' ಎಂದಿರುತ್ತದೆ. ಮಗುವಿಗೆ ಗೊತ್ತಿರುವುದು 'ಉಳ್ಳಾಗಡ್ಡಿ'. ಪುಸ್ತಕದ 'ಮೊಟ್ಟೆ' ಅದರ ಮನೆಯಲ್ಲಿ 'ತತ್ತಿ'. ಮಂಗಳೂರಿನಿಂದ ಹೋದ ಶಿಕ್ಷಕಿ ಅದೇ ಉಳ್ಳಾಗಡ್ಡಿಯನ್ನು 'ನೀರುಳ್ಳಿ' ಎನ್ನುತ್ತಾರೆ, ಶೇಂಗಾವನ್ನು 'ನೆಲಕಡಲೆ' ಎನ್ನುತ್ತಾರೆ. ಒಂದು ತರಕಾರಿಗೆ ಮೂರು ಹೆಸರು, ಅವುಗಳ ಮೇಲೆ ಇಂಗ್ಲಿಷಿನ 'ಆನಿಯನ್'. ಇಲ್ಲಿ ಮಗು 'ತತ್ತಿ' ಎಂದಾಗ ಅದನ್ನು ತಪ್ಪು ಎಂದು ತಿದ್ದುವ ಶಿಕ್ಷಕಿಗೂ, 'ಹೌದು, ಪುಸ್ತಕದಲ್ಲಿ ಇದನ್ನೇ ಮೊಟ್ಟೆ ಅಂತಾರೆ' ಎಂದು ಹೇಳುವ ಶಿಕ್ಷಕಿಗೂ ಬಹಳ ವ್ಯತ್ಯಾಸವಿದೆ. ಮೊದಲನೆಯವರ ತರಗತಿಯಲ್ಲಿ ಮಗು ಬಾಯಿ ಮುಚ್ಚಿಕೊಳ್ಳುತ್ತದೆ.

ಕರಾವಳಿಯ ಕ್ರೈಸ್ತರಾದ ನಮಗೆ ಇದು ಅರ್ಥವಾಗದ ವಿಷಯವೇನಲ್ಲ. ಮನೆಯಲ್ಲಿ ಕೊಂಕಣಿ, ಅಂಗಳದಾಚೆ ತುಳು, ಶಾಲೆಯಲ್ಲಿ ಕನ್ನಡ ಅಥವಾ ಇಂಗ್ಲಿಷ್ ಎಂದು ಬೆಳೆದವರೇ ಇಲ್ಲಿ ಹೆಚ್ಚು. ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆದು ಓದುವ ಅಭ್ಯಾಸ ನಮ್ಮದು. ಲಂಬಾಣಿ ಪದಗಳನ್ನೂ ಕನ್ನಡ ಅಕ್ಷರಗಳಲ್ಲಿ ಬರೆಯಬಹುದು. ತಾಂಡಾದ ಮಗುವಿಗೆ ತನ್ನ ಮನೆಯ ಹತ್ತು ಪದಗಳನ್ನು ಕಪ್ಪುಹಲಗೆಯ ಮೇಲೆ ನೋಡುವ ಅವಕಾಶ ಕೊಡಲು ಯಾವ ಇಲಾಖೆಯ ಅನುಮತಿಯೂ ಬೇಕಾಗಿಲ್ಲ.

ಓದು ಕಲಿಸುವ ಕ್ರಮದಲ್ಲಿ ಸರ್ಕಾರಿ ಶಾಲೆಗಳ 'ನಲಿಕಲಿ'ಯಿಂದ ನಮ್ಮ ಶಾಲೆಗಳು ಪಡೆಯಬಹುದಾದದ್ದು ಬಹಳಷ್ಟಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಶಾಲೆಗಳನ್ನು ನೋಡಿ ಬಂದು ಆರಂಭಿಸಿದ ಈ ಪದ್ಧತಿ 2009-10ರಲ್ಲಿ ರಾಜ್ಯದಾದ್ಯಂತ ವಿಸ್ತರಿಸಿತು. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಗುಂಪುಗಳಲ್ಲಿ ಕುಳಿತು, ಕಾರ್ಡುಗಳ ಸಹಾಯದಿಂದ, ತಮ್ಮ ತಮ್ಮ ವೇಗದಲ್ಲಿ ಕಲಿಕಾ ಏಣಿ ಹತ್ತುತ್ತಾರೆ. ಅಕ್ಷರಗಳು ಅ, ಆ, ಇ, ಈ ಎಂದು ಆರಂಭವಾಗುವುದಿಲ್ಲ. ರ, ಗ, ಸ, ದ, ಅ ಎಂದು ಆರಂಭವಾಗುತ್ತವೆ. ಈ ಐದು ಅಕ್ಷರ ಬಂದರೆ ಸರ, ದರ, ರಸ, ಅರಸ, ಅಗಸ ಎಂದು ಮಗು ಓದತೊಡಗುತ್ತದೆ. ಐವತ್ತು ಅಕ್ಷರ ಬಾಯಿಪಾಠವಾಗುವವರೆಗೆ ಒಂದು ಪದಕ್ಕಾಗಿ ಕಾಯಬೇಕಿಲ್ಲ. ಗುಳೆ ಹೋಗಿ ಮೂರು ತಿಂಗಳ ನಂತರ ಬಂದ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಕಲಬುರಗಿಗೆ ಇದಕ್ಕಿಂತ ಹೊಂದುವ ಕ್ರಮ ಸಿಗುವುದು ಕಷ್ಟ. ಇದು ಸರ್ಕಾರಿ ಶಾಲೆಯದ್ದು, ನಮಗಲ್ಲ ಎಂಬ ಭಾವನೆ ಬೇಡ.

ಗಣಿತದಲ್ಲಿ ಕಲಬುರಗಿಯ ಮಗುವಿಗೆ ಒಂದು ಅನುಕೂಲವೂ ಇದೆ. ಅಲ್ಲಿನ ಸಂತೆಯಲ್ಲಿ ಪಾವ್ ಕಿಲೋ, ಸವ್ವಾ, ದೀಡ, ಅಡೀಚ ಎಂಬ ಮಾತುಗಳು ದಿನವೂ ಕಿವಿಗೆ ಬೀಳುತ್ತವೆ. ಕಾಲು, ಒಂದೂಕಾಲು, ಒಂದೂವರೆ, ಎರಡೂವರೆ. ಭಿನ್ನರಾಶಿಯ ಪಾಠ ಬರುವ ಮೊದಲೇ ಮಗು ಅದನ್ನು ಬಲ್ಲದು. ಪರಿಸರ ಅಧ್ಯಯನವೂ ಹಾಗೆಯೇ. ಮಂಗಳೂರಿನಲ್ಲಿ ಬೀಳುವ ಮಳೆಯ ಸುಮಾರು ಐದನೇ ಒಂದು ಭಾಗ ಮಾತ್ರ ಕಲಬುರಗಿಯಲ್ಲಿ ಬೀಳುತ್ತದೆ. ತೆಂಗು, ಭತ್ತದ ಗದ್ದೆ, ಕಡಲುಗಳನ್ನು ಉದಾಹರಣೆಯಾಗಿಟ್ಟು ಪಾಠ ಮಾಡಿದರೆ ಅದು ಅಲ್ಲಿ ನಡೆಯದು. ತೊಗರಿ, ಜೋಳ, ಕಮಲಾಪುರದ ಕೆಂಪು ಬಾಳೆ ಇವು ಅಲ್ಲಿನ ಪಾಠ. ತೊಗರಿಗೂ ಕೆಂಪು ಬಾಳೆಗೂ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿದೆ.

ಮಾಧ್ಯಮದ ಪ್ರಶ್ನೆ ಇದಕ್ಕಿಂತ ಕಠಿಣ. ನಾಲ್ಕನೇ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲೇ ಬೋಧನೆ ಎಂಬ 1994ರ ಸರ್ಕಾರಿ ಆದೇಶವನ್ನು ಸುಪ್ರೀಂ ಕೋರ್ಟು 2014ರ ಮೇ 6ರಂದು ರದ್ದುಪಡಿಸಿತು. ಮಗುವಿನ ಮಾತೃಭಾಷೆ ಯಾವುದೆಂದು ತಂದೆತಾಯಿಗಳೇ ತೀರ್ಮಾನಿಸಬೇಕು ಎಂದಿತು. ಅದೇ ದಿನದ ಇನ್ನೊಂದು ತೀರ್ಪಿನಲ್ಲಿ ಅಲ್ಪಸಂಖ್ಯಾತ ಶಾಲೆಗಳನ್ನು ಶಿಕ್ಷಣ ಹಕ್ಕು ಕಾಯ್ದೆಯಿಂದ ಹೊರಗಿಟ್ಟಿತು. ಇದನ್ನು ಮರುಪರಿಶೀಲಿಸಬೇಕೇ ಎಂಬ ಪ್ರಶ್ನೆಯನ್ನು 2025ರ ಸೆಪ್ಟೆಂಬರಿನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟಿದೆ. ಸುಖದೇವ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗವು 2025ರ ಆಗಸ್ಟಿನಲ್ಲಿ ನೀಡಿದ ವರದಿಯಲ್ಲಿ ಐದನೇ ತರಗತಿಯವರೆಗೆ ಕನ್ನಡ ಅಥವಾ ಮಾತೃಭಾಷೆಯಲ್ಲಿ ಬೋಧಿಸಲು ಶಿಫಾರಸು ಮಾಡಿದೆ.

ಬಡ ತಂದೆತಾಯಿಗಳು ಇಂಗ್ಲಿಷ್ ಕೇಳುತ್ತಾರೆ. ಅವರನ್ನು ದೂರುವ ಹಕ್ಕು ನಮಗಿಲ್ಲ, ಏಕೆಂದರೆ ನಮ್ಮ ಮಕ್ಕಳನ್ನೂ ನಾವು ಅಲ್ಲಿಗೇ ಕಳುಹಿಸಿದ್ದೇವೆ. ಆದರೆ ಇಂಗ್ಲಿಷ್ ಮಾಧ್ಯಮದ ಫಲಕ ಹಾಕಿ, ಅರ್ಥವಾಗದ ವಾಕ್ಯಗಳನ್ನು ನಕಲು ಮಾಡಿಸುವುದು ಆ ತಂದೆತಾಯಿಗಳು ಕೇಳಿದ ವಸ್ತುವಲ್ಲ. ಮೊದಲ ಎರಡು ವರ್ಷ ಕನ್ನಡದಲ್ಲಿ ಓದಲು, ಇಂಗ್ಲಿಷಿನಲ್ಲಿ ಕೇಳಲು ಮತ್ತು ಮಾತನಾಡಲು ಕಲಿಸಿ, ಪ್ರಶ್ನೆಗೆ ಮನೆಮಾತಿನಲ್ಲಿ ಉತ್ತರಿಸಲು ಬಿಡುವುದು ಸಾಧ್ಯ. 1965ರ ವ್ಯಾಟಿಕನ್ ಮಹಾಸಭೆಯ ಶಿಕ್ಷಣ ಘೋಷಣೆಯಾಗಲಿ, ಭಾರತದ ಧರ್ಮಾಧ್ಯಕ್ಷರ ಮಂಡಳಿಯ 2007ರ ಶಿಕ್ಷಣ ನೀತಿಯಾಗಲಿ ಬಡವರಿಗೆ ಮೊದಲ ಸ್ಥಾನ ಕೊಟ್ಟಿವೆ.

ಧರ್ಮೋಪದೇಶದ ಬಗ್ಗೆ ಹೊರಗಿನವರಿಂದ ಪ್ರಶ್ನೆ ಬರುವುದರಿಂದ ಒಂದು ಮಾತು. ಸಂವಿಧಾನದ 28(3)ನೇ ವಿಧಿಯ ಪ್ರಕಾರ, ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಯಾವ ಮಗುವನ್ನೂ ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ. ಕಥೊಲಿಕ ಮಕ್ಕಳಿಗೆ ಧರ್ಮೋಪದೇಶ, ಇತರರಿಗೆ ಅದೇ ಪಿರಿಯಡಿನಲ್ಲಿ ನೀತಿಪಾಠ ಎಂಬುದು ನಮ್ಮ ಶಾಲೆಗಳಲ್ಲಿ ಬಹುಕಾಲದಿಂದ ಬಂದ ಕ್ರಮ. ಅಲ್ಲಿ ಕಥೊಲಿಕ ಮಕ್ಕಳ ಸಂಖ್ಯೆ ಕರಾವಳಿಯಂತಿಲ್ಲ, ತರಗತಿಗೆ ಬೆರಳೆಣಿಕೆಯಷ್ಟು. ಧರ್ಮೋಪದೇಶವೂ ಕೊಂಕಣಿಯಲ್ಲಿ ಅಲ್ಲ, ಮುಖ್ಯವಾಗಿ ಕನ್ನಡದಲ್ಲಿ. ಕೊಂಕಣಿಯಲ್ಲಿ ಜಪ ಕಲಿತು ಹೋದ ಶಿಕ್ಷಕಿಯರು ಅವನ್ನು ಕನ್ನಡದಲ್ಲಿ ಮೊದಲೇ ಅಭ್ಯಾಸ ಮಾಡಿಕೊಂಡು ಹೋಗುವುದು ಒಳ್ಳೆಯದು. ಜೊತೆಗೆ ದಖ್ಖನಿಯ ನಾಲ್ಕು ಮಾತು ಬಂದರೆ, ಶಾಲೆ ಬಿಡುವ ಹೊತ್ತಿಗೆ ಗೇಟಿನ ಬಳಿ ನಿಂತಿರುವ ತಾಯಂದಿರೊಡನೆ ಮಗುವಿನ ಓದಿನ ಬಗ್ಗೆ ನೇರವಾಗಿ ಮಾತನಾಡಬಹುದು.