ವಿಡಿಯೋ ಜರ್ಕ್ ಹೊಡೆಯುತ್ತಿದೆಯೇ? ಇಂಟರ್ನೆಟ್ ಪ್ಲಾನ್ ಬದಲಿಸುವ ಮುನ್ನ ಕಂಪ್ಯೂಟರ್ ನೋಡಿ

ಮನೆಯ ಕಂಪ್ಯೂಟರ್‌ನಲ್ಲಿ ಸಿನಿಮಾ ಹಾಕಿದರೆ ಅಥವಾ ಊರಿಂದ ಬಂದ ಮದುವೆ ವಿಡಿಯೋ ತೆರೆದರೆ ಮಾತು ಸರಿಯಾಗಿಯೇ ಕೇಳುತ್ತದೆ, ಚಿತ್ರ ಮಾತ್ರ ಜರ್ಕ್ ಹೊಡೆಯುತ್ತದೆ. ಇಂತಹ ಹೊತ್ತಿನಲ್ಲಿ ಎಲ್ಲರೂ ಮೊದಲು ಬೈಯುವುದು ಇಂಟರ್ನೆಟ್‌ಗೆ. 100 ಎಂಬಿಪಿಎಸ್ ಇದ್ದವರು 300ರ ಪ್ಲಾನ್‌ಗೆ ಹೋಗುತ್ತಾರೆ. ಆಮೇಲೂ ಜರ್ಕ್ ನಿಲ್ಲದಿದ್ದರೆ ಹೊಸ ಲ್ಯಾಪ್‌ಟಾಪ್‌ನ ಲೆಕ್ಕಾಚಾರ ಶುರುವಾಗುತ್ತದೆ. ಅನೇಕ ಸಲ ಈ ಎರಡೂ ಖರ್ಚು ಬೇಕಾಗಿರುವುದಿಲ್ಲ.

ಧ್ವನಿಯೇ ಮೊದಲ ಸುಳಿವು

ವಿಡಿಯೋ ನಿಂತಾಗ ಧ್ವನಿಯೂ ನಿಂತು, ಪರದೆಯ ನಡುವೆ ಚಕ್ರ ತಿರುಗುತ್ತಿದ್ದರೆ ಅದು ಬಫರಿಂಗ್. ಅಂದರೆ ಮಾಹಿತಿ ಸಮಯಕ್ಕೆ ಬಂದು ತಲುಪುತ್ತಿಲ್ಲ. ಧ್ವನಿ ಸರಾಗವಾಗಿದ್ದು ಚಿತ್ರ ಮಾತ್ರ ತಡವರಿಸುತ್ತಿದ್ದರೆ ಮಾಹಿತಿ ಬಂದಿದೆ, ಅದನ್ನು ಬಿಡಿಸಿ ತೋರಿಸಲು ಕಂಪ್ಯೂಟರ್‌ಗೆ ಆಗುತ್ತಿಲ್ಲ ಎಂದರ್ಥ. ಎರಡೂ ಬೇರೆ ಬೇರೆ ಕಾಯಿಲೆ, ಮದ್ದೂ ಬೇರೆ.

ಮೊದಲನೆಯದನ್ನು ಬೇಗ ಮುಗಿಸಬಹುದು. ನೆಟ್‌ಫ್ಲಿಕ್ಸ್ ಹೇಳುವ ಪ್ರಕಾರ 1080ಪಿ ಗುಣಮಟ್ಟಕ್ಕೆ 5 ಎಂಬಿಪಿಎಸ್, 4ಕೆಗೆ 15 ಎಂಬಿಪಿಎಸ್ ವೇಗ ಇದ್ದರೆ ಸಾಕು. 100ರ ಪ್ಲಾನ್ ಇದ್ದೂ ಚಕ್ರ ತಿರುಗುತ್ತಿದ್ದರೆ ಬಹುಪಾಲು ತೊಂದರೆ ವೈಫೈನದ್ದು. ಮುಂಬೈ, ಚೆನ್ನೈನಂತಹ ನಗರಗಳ ಅಪಾರ್ಟ್‌ಮೆಂಟ್‌ಗಳಲ್ಲಿ ಅಕ್ಕಪಕ್ಕದ ಮನೆಗಳ ರೂಟರ್‌ಗಳೆಲ್ಲ 2.4 ಗಿಗಾಹರ್ಟ್ಸ್ ಬ್ಯಾಂಡ್‌ನಲ್ಲೇ ಜಗಳವಾಡುತ್ತಿರುತ್ತವೆ. ಅಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಇರುವುದೇ ಮೂರು: 1, 6 ಮತ್ತು 11. ರೂಟರ್‌ನಲ್ಲಿ 5 ಗಿಗಾಹರ್ಟ್ಸ್ ಇದ್ದರೆ ಅದಕ್ಕೆ ಬದಲಿಸಿ. ಅದಕ್ಕೂ ಮೊದಲು ಒಂದು ಲ್ಯಾನ್ ಕೇಬಲ್ ಹಾಕಿ ನೋಡಿ. ಕೇಬಲ್‌ನಲ್ಲಿ ಚಕ್ರ ತಿರುಗದಿದ್ದರೆ ಕಂಪನಿಗೆ ಫೋನ್ ಮಾಡುವ ಅಗತ್ಯವಿಲ್ಲ.

ಎರಡನೆಯದು ಸ್ವಲ್ಪ ಆಳದ ವಿಷಯ.

ಒಂದು ಚಿತ್ರಕ್ಕೆ 16 ಮಿಲಿಸೆಕೆಂಡ್

ವಿಡಿಯೋ ಎಂದರೆ ಒಂದರ ಹಿಂದೆ ಒಂದು ಬರುವ ಸ್ಥಿರ ಚಿತ್ರಗಳು, ಅಂದರೆ ಫ್ರೇಮ್‌ಗಳು. ಸೆಕೆಂಡಿಗೆ 30 ಫ್ರೇಮ್ ಇದ್ದರೆ ಒಂದೊಂದಕ್ಕೆ ಸಿಗುವ ಸಮಯ ಸುಮಾರು 33 ಮಿಲಿಸೆಕೆಂಡ್. 60 ಫ್ರೇಮ್ ಆದರೆ 16 ಚಿಲ್ಲರೆ. ಫೈಲ್‌ನಲ್ಲಿ ಈ ಚಿತ್ರಗಳನ್ನು ಹಿಂಡಿ ಸಣ್ಣದು ಮಾಡಿ ಇಟ್ಟಿರುತ್ತಾರೆ. ಅಷ್ಟು ಸಮಯದೊಳಗೆ ಕಂಪ್ಯೂಟರ್ ಅದನ್ನು ಬಿಡಿಸಿ ಪರದೆಗೆ ತರಬೇಕು. ಆಗದಿದ್ದರೆ ಆ ಫ್ರೇಮ್ ಬಿಟ್ಟು ಮುಂದಿನದಕ್ಕೆ ಹಾರುತ್ತದೆ. ಧ್ವನಿಯನ್ನು ಬಿಡಿಸುವುದು ಹಗುರದ ಕೆಲಸ, ಹಾಗಾಗಿ ಅದು ತಪ್ಪದೆ ನಡೆಯುತ್ತದೆ. ಕಣ್ಣಿಗೆ ಕಾಣುವ ಜರ್ಕ್ ಇದೇ.

ಹೀಗೆ ಹಿಂಡುವ ವಿಧಾನಕ್ಕೆ ಕೋಡೆಕ್ ಎನ್ನುತ್ತಾರೆ. 2003ರಲ್ಲಿ ಬಂದ ಎಚ್.264 ಇಂದಿಗೂ ಎಲ್ಲೆಡೆ ಓಡುತ್ತದೆ. 2013ರಲ್ಲಿ ಎಚ್.265 ಮತ್ತು ಗೂಗಲ್‌ನ ವಿಪಿ9 ಬಂದವು, 2018ರಲ್ಲಿ ಎವಿ1 ಬಂತು. ಹೊಸದು ಬಂದಂತೆ ಫೈಲ್ ಚಿಕ್ಕದಾಯಿತು, ಡೇಟಾ ಉಳಿಯಿತು. ಆದರೆ ಬಿಡಿಸುವ ಕೆಲಸ ಭಾರವಾಯಿತು. ಆ ಭಾರ ಹೊರಲು ಗ್ರಾಫಿಕ್ಸ್ ಚಿಪ್‌ನಲ್ಲಿ ಪ್ರತ್ಯೇಕ ಭಾಗವೇ ಇರುತ್ತದೆ. ಆ ಭಾಗಕ್ಕೆ ಗೊತ್ತಿಲ್ಲದ ಕೋಡೆಕ್ ಬಂದರೆ ಇಡೀ ಕೆಲಸ ಪ್ರೊಸೆಸರ್ ತಲೆಗೆ ಬೀಳುತ್ತದೆ. ಫ್ಯಾನ್ ಜೋರಾಗಿ ಕೂಗಲು ಶುರು ಮಾಡುವುದು ಆಗಲೇ.

ಇಂಟೆಲ್ ಪ್ರೊಸೆಸರ್‌ಗಳಲ್ಲಿ ವಿಪಿ9 ಮತ್ತು 10-ಬಿಟ್ ಎಚ್.265 ಎರಡನ್ನೂ ಪೂರ್ತಿ ಚಿಪ್‌ನಲ್ಲೇ ಬಿಡಿಸುವ ಸೌಲಭ್ಯ ಸಿಕ್ಕಿದ್ದು 2016ರಲ್ಲಿ ಬಂದ 7ನೇ ತಲೆಮಾರಿನಿಂದ. ಎವಿ1ಗೆ 2020ರ 11ನೇ ತಲೆಮಾರಿನವರೆಗೆ ಕಾಯಬೇಕಾಯಿತು. ನಿಮ್ಮದು ಯಾವುದೆಂದು ಪ್ರೊಸೆಸರ್ ಸಂಖ್ಯೆಯೇ ಹೇಳುತ್ತದೆ: ಐ5-4210 ಎಂದಿದ್ದರೆ ಮೊದಲ ಅಂಕಿಯಂತೆ 4ನೇ ತಲೆಮಾರು, ಐ5-1135 ಎಂದಿದ್ದರೆ ಮೊದಲೆರಡು ಅಂಕಿಯಂತೆ 11ನೇದು. 4ನೇ ತಲೆಮಾರಿನ ಯಂತ್ರ ಕೆಟ್ಟಿದೆ ಎಂದಲ್ಲ. ಅದು ತಯಾರಾದಾಗ ಇಲ್ಲದ ಭಾಷೆಯಲ್ಲಿ ಇಂದಿನ ವಿಡಿಯೋಗಳು ಬರುತ್ತಿವೆ, ಅಷ್ಟೇ.

ಯೂಟ್ಯೂಬ್‌ನಲ್ಲೇ ಇದೆ ಪರೀಕ್ಷೆ

ಯೂಟ್ಯೂಬ್ ವಿಡಿಯೋ ಓಡುವಾಗ ಅದರ ಮೇಲೆ ರೈಟ್ ಕ್ಲಿಕ್ ಮಾಡಿ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ಆಯ್ಕೆ ಮಾಡಿ. ಮೂಲೆಯಲ್ಲಿ ಸಣ್ಣ ಅಕ್ಷರಗಳ ಪಟ್ಟಿ ಬರುತ್ತದೆ. ಅದರಲ್ಲಿ ನೋಡಬೇಕಾದ್ದು ಮೂರೇ ಸಾಲು. 'ಫ್ರೇಮ್ಸ್' ಎದುರು ಎಷ್ಟು ಫ್ರೇಮ್ ಬಿಟ್ಟುಹೋಗಿವೆ ಎಂಬ ಲೆಕ್ಕ ಇರುತ್ತದೆ. ಆರಂಭದಲ್ಲಿ ನಾಲ್ಕಾರು ಹೋದರೆ ಚಿಂತೆಯಿಲ್ಲ, ಸಂಖ್ಯೆ ಏರುತ್ತಲೇ ಇದ್ದರೆ ತೊಂದರೆ ಕಂಪ್ಯೂಟರ್‌ನಲ್ಲಿದೆ. 'ಬಫರ್ ಹೆಲ್ತ್' ಪದೇ ಪದೇ ಸೊನ್ನೆಗೆ ಇಳಿಯುತ್ತಿದ್ದರೆ ತಪ್ಪು ಇಂಟರ್ನೆಟ್‌ನದ್ದು. 'ಕೋಡೆಕ್ಸ್' ಎದುರು ಎವಿ01 ಎಂದಿದ್ದರೆ ಎವಿ1, ವಿಪಿ09 ಎಂದಿದ್ದರೆ ವಿಪಿ9, ಎವಿಸಿ1 ಎಂದಿದ್ದರೆ ಹಳೆಯ ಎಚ್.264.

ಫ್ರೇಮ್ ಬಿಡುತ್ತಿದ್ದರೆ ಗುಣಮಟ್ಟ ಇಳಿಸಿ. ಇದರಲ್ಲಿ ನಷ್ಟವೇನೂ ಇಲ್ಲ. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ಕಾಣುವ ಪರದೆ 1366 x 768ರದ್ದು. ಅದರ ಮೇಲೆ 1080ಪಿ ವಿಡಿಯೋ ಹಾಕಿದರೆ ಪರದೆಗಿಂತ ಸುಮಾರು ಎರಡು ಪಟ್ಟು ಚುಕ್ಕೆಗಳನ್ನು ಬಿಡಿಸಿ, ಆಮೇಲೆ ಕುಗ್ಗಿಸುವ ಕೆಲಸ ನಡೆಯುತ್ತದೆ. 720ಪಿ ಇಟ್ಟರೆ ಕಣ್ಣಿಗೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಕ್ರಿಕೆಟ್, ಗೇಮ್‌ಗಳಂತಹ 60 ಫ್ರೇಮ್ ವಿಡಿಯೋಗಳು ಯೂಟ್ಯೂಬ್‌ನಲ್ಲಿ 720ಪಿ ಮತ್ತು ಮೇಲೆ ಮಾತ್ರ ಹಾಗೆ ಬರುತ್ತವೆ. 480ಪಿಗೆ ಇಳಿಸಿದರೆ ಫ್ರೇಮ್‌ಗಳೂ ಅರ್ಧವಾಗುತ್ತವೆ. ಯೂಟ್ಯೂಬ್ ಎಚ್.264ರಲ್ಲೇ ಕೊಡುವಂತೆ ಮಾಡುವ 'ಎನ್‌ಹಾನ್ಸ್‌ಡ್ ಎಚ್264ಇಫೈ' ಎಂಬ ಬ್ರೌಸರ್ ಎಕ್ಸ್‌ಟೆನ್ಷನ್ ಕೂಡ ಇದೆ. ಅದನ್ನು ಹಾಕಿದರೆ 1080ಪಿಗಿಂತ ಮೇಲಿನ ಗುಣಮಟ್ಟ ಸಿಗುವುದಿಲ್ಲ. ಹಳೆಯ ಯಂತ್ರಕ್ಕೆ ಅದು ದೊಡ್ಡ ಕೊರತೆಯೇನಲ್ಲ.

ಡ್ರೈವರ್ ಇಲ್ಲದಿದ್ದರೆ ಎಲ್ಲವೂ ವ್ಯರ್ಥ

ಸಾಮರ್ಥ್ಯವಿರುವ ಕಂಪ್ಯೂಟರ್ ಕೂಡ ತಡವರಿಸುವುದಕ್ಕೆ ಒಂದು ಸಾಮಾನ್ಯ ಕಾರಣವಿದೆ. ವಿಂಡೋಸ್ ಮತ್ತೆ ಹಾಕಿಸಿದ ಮೇಲೆ ಗ್ರಾಫಿಕ್ಸ್ ಡ್ರೈವರ್ ಹಾಕಿರುವುದಿಲ್ಲ. ಡಿವೈಸ್ ಮ್ಯಾನೇಜರ್ ತೆರೆದು 'ಡಿಸ್‌ಪ್ಲೇ ಅಡಾಪ್ಟರ್ಸ್' ನೋಡಿ. ಅಲ್ಲಿ ಇಂಟೆಲ್, ಎಎಂಡಿ ಅಥವಾ ಎನ್‌ವಿಡಿಯಾ ಹೆಸರಿನ ಬದಲು 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಎಂದಿದ್ದರೆ ಕಾರಣ ಸಿಕ್ಕಿತು. ವಿಂಡೋಸ್ ಅಪ್‌ಡೇಟ್ ಅಥವಾ ಲ್ಯಾಪ್‌ಟಾಪ್ ಕಂಪನಿಯ ಜಾಲತಾಣದಿಂದ ಸರಿಯಾದ ಡ್ರೈವರ್ ಹಾಕಿ. 'ನಿಮ್ಮ 27 ಡ್ರೈವರ್‌ಗಳು ಹಳೆಯದಾಗಿವೆ' ಎಂದು ಹೆದರಿಸಿ ದುಡ್ಡು ಕೇಳುವ ಸಾಫ್ಟ್‌ವೇರ್‌ಗಳ ಹತ್ತಿರ ಹೋಗಬೇಡಿ.

ಬಳಿಕ ಬ್ರೌಸರ್. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ 'ಸಿಸ್ಟಂ' ವಿಭಾಗಕ್ಕೆ ಹೋಗಿ ಗ್ರಾಫಿಕ್ಸ್ ಆ್ಯಕ್ಸಲರೇಷನ್ ಆನ್ ಇದೆಯೇ ನೋಡಿ. ಕೆಲವು ಹಳೆಯ ಗ್ರಾಫಿಕ್ಸ್ ಚಿಪ್‌ಗಳಲ್ಲಿ ಇದು ಉಲ್ಟಾ ಹೊಡೆದು, ಆಫ್ ಮಾಡಿದಾಗಲೇ ವಿಡಿಯೋ ಸರಿಹೋಗುವುದೂ ಉಂಟು. ಎರಡೂ ರೀತಿ ಪರೀಕ್ಷಿಸಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದರೆ 'ಪರ್ಫಾರ್ಮೆನ್ಸ್' ವಿಭಾಗದಲ್ಲಿ ಜಿಪಿಯು ಕೆಳಗೆ 'ವಿಡಿಯೋ ಡಿಕೋಡ್' ಎಂಬ ಗ್ರಾಫ್ ಇರುತ್ತದೆ. ವಿಡಿಯೋ ಓಡುವಾಗ ಅದು ಸೊನ್ನೆಯಲ್ಲೇ ಕುಳಿತು, ಸಿಪಿಯು ಮಾತ್ರ 90-100 ಪ್ರತಿಶತ ಇದ್ದರೆ ಚಿಪ್ ಕೆಲಸಕ್ಕೆ ಬರುತ್ತಿಲ್ಲ ಎಂದು ತಿಳಿಯಬಹುದು.

ಮದುವೆ ವಿಡಿಯೋದ ತೊಂದರೆ

ಇಂಟರ್ನೆಟ್ ಇಲ್ಲದೆಯೂ ಜರ್ಕ್ ಬರುವುದು ಇಲ್ಲಿ. ಹೊಸ ಫೋನ್‌ಗಳು ಮತ್ತು ಡ್ರೋನ್‌ಗಳು 4ಕೆ, ಎಚ್.265ರಲ್ಲಿ ಚಿತ್ರೀಕರಿಸುತ್ತವೆ. 1080ಪಿಗೆ ಹೋಲಿಸಿದರೆ 4ಕೆಯಲ್ಲಿ ಚುಕ್ಕೆಗಳು ನಾಲ್ಕು ಪಟ್ಟು. ಅಂತಹ ಪೆನ್‌ಡ್ರೈವ್ ಕೈಗೆ ಬಂದರೆ ಮೊದಲು ಫೈಲನ್ನು ಕಂಪ್ಯೂಟರ್‌ಗೆ ಕಾಪಿ ಮಾಡಿಕೊಂಡು ನೋಡಿ. ಪ್ರತಿ ಸಲ ಒಂದೇ ಜಾಗದಲ್ಲಿ ಸಿಕ್ಕಿಕೊಂಡರೆ ಫೈಲ್ ಅಥವಾ ಡಿಸ್ಕ್ ಹಾಳಾಗಿರುವ ಸಾಧ್ಯತೆ ಹೆಚ್ಚು. ಡಿಸ್ಕ್ ಎನಿಸಿದರೆ ಅದರಲ್ಲಿರುವ ಫೋಟೋ, ವಿಡಿಯೋಗಳನ್ನು ಅಂದೇ ಬೇರೆಡೆಗೆ ಇಳಿಸಿಕೊಳ್ಳಿ. ಸಿಕ್ಕಿಕೊಳ್ಳುವ ಜಾಗ ಬದಲಾಗುತ್ತಿದ್ದರೆ ಅದು ಕಂಪ್ಯೂಟರ್‌ನ ಕಷ್ಟ.

ವಿಂಡೋಸ್‌ನ ಪ್ಲೇಯರ್ ಎಚ್.265 ಓಡಿಸಲು ಹೆಚ್ಚುವರಿ ಎಕ್ಸ್‌ಟೆನ್ಷನ್ ಕೇಳಬಹುದು. ವಿಎಲ್‌ಸಿ ಪ್ಲೇಯರ್‌ಗೆ ಅದು ಬೇಡ, ಕೋಡೆಕ್‌ಗಳು ಅದರೊಳಗೇ ಇವೆ. ಹಾಗಾಗಿ 'ಕೋಡೆಕ್ ಪ್ಯಾಕ್' ಹೆಸರಿನಲ್ಲಿ ಸಿಕ್ಕಿದ್ದನ್ನೆಲ್ಲ ಡೌನ್‌ಲೋಡ್ ಮಾಡುವುದು ಬೇಕಿಲ್ಲದ ಅಪಾಯ. 2022ರಲ್ಲಿ ವಿಎಲ್‌ಸಿಯ ಅಧಿಕೃತ ಜಾಲತಾಣವಾದ ವಿಡಿಯೋಲ್ಯಾನ್ ಭಾರತದಲ್ಲಿ ಕೆಲ ತಿಂಗಳು ತೆರೆಯುತ್ತಿರಲಿಲ್ಲ. ಆ ವರ್ಷದ ನವೆಂಬರ್‌ನಲ್ಲಿ ನಿರ್ಬಂಧ ತೆರವಾಗಿದೆ. ಆಗ ಬೇರೆಲ್ಲಿಂದಲೋ ಇಳಿಸಿಕೊಂಡ ಪ್ರತಿ ಇದ್ದರೆ ತೆಗೆದು, ಅಧಿಕೃತ ತಾಣದಿಂದ ಹಾಕಿಕೊಳ್ಳುವುದು ಒಳ್ಳೆಯದು. ವಿಎಲ್‌ಸಿಯ ಪ್ರಿಫರೆನ್ಸಸ್‌ನಲ್ಲಿ 'ಇನ್‌ಪುಟ್/ಕೋಡೆಕ್ಸ್' ಅಡಿ ಹಾರ್ಡ್‌ವೇರ್ ಡಿಕೋಡಿಂಗ್ 'ಆಟೋಮ್ಯಾಟಿಕ್' ಇರಲಿ.

ಅದಕ್ಕೂ ಬಗ್ಗದ ಫೈಲನ್ನು 'ಹ್ಯಾಂಡ್‌ಬ್ರೇಕ್' ಎಂಬ ಉಚಿತ ಸಾಫ್ಟ್‌ವೇರ್‌ನಿಂದ 1080ಪಿ, ಎಚ್.264ಗೆ ಬದಲಿಸಬಹುದು. ಹಳೆಯ ಯಂತ್ರದಲ್ಲಿ ಇದಕ್ಕೆ ಗಂಟೆಗಟ್ಟಲೆ ಬೇಕು. ರಾತ್ರಿ ಹಾಕಿಟ್ಟು ಮಲಗಿ. ಮೂಲ ಫೈಲ್ ಅಳಿಸಬೇಡಿ, ಮುಂದೆ ಒಳ್ಳೆಯ ಟಿವಿ ಬಂದಾಗ ಬೇಕಾಗುತ್ತದೆ.

ಮೊದಲ ಕಾಲು ಗಂಟೆ ಚೆನ್ನಾಗಿದ್ದು ಆಮೇಲೆ ಜರ್ಕ್ ಶುರುವಾದರೆ ಬಿಸಿಯನ್ನು ಸಂಶಯಿಸಿ. ಚಿಪ್ ಕಾದಾಗ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಹಾಸಿಗೆಯ ಮೇಲಿಟ್ಟ ಲ್ಯಾಪ್‌ಟಾಪ್‌ನಲ್ಲಿ ಗಾಳಿಯ ದಾರಿ ಮುಚ್ಚುತ್ತದೆ, ವರ್ಷಗಟ್ಟಲೆ ಬಿಚ್ಚದ ಫ್ಯಾನ್‌ನಲ್ಲಿ ಧೂಳು ಕಂಬಳಿಯಂತೆ ಕೂತಿರುತ್ತದೆ. ಚಾರ್ಜರ್ ತೆಗೆದಾಗ ಮಾತ್ರ ತಡವರಿಸಿದರೆ ಪವರ್ ಮೋಡ್ ಬದಲಿಸಿದರೆ ಸಾಕು.

ಕೆಲವು ಜರ್ಕ್ ದೋಷವೇ ಅಲ್ಲ. ಸಿನಿಮಾಗಳು ಸೆಕೆಂಡಿಗೆ 24 ಫ್ರೇಮ್‌ನವು, ಮಾನಿಟರ್ ಸಾಮಾನ್ಯವಾಗಿ 60 ಸಲ ಚಿತ್ರ ಬದಲಿಸುತ್ತದೆ. 60ನ್ನು 24ರಿಂದ ಸಮನಾಗಿ ಭಾಗಿಸಲಾಗದ ಕಾರಣ ಒಂದು ಫ್ರೇಮ್ ಎರಡು ಸಲ, ಮುಂದಿನದು ಮೂರು ಸಲ ಕಾಣುತ್ತದೆ. ಕ್ಯಾಮೆರಾ ನಿಧಾನವಾಗಿ ಅಡ್ಡ ಹಾಯುವ ದೃಶ್ಯಗಳಲ್ಲಿ ಸಣ್ಣ ನಡುಕ ಕಂಡರೆ ಕಾರಣ ಇದು.

ಇಷ್ಟೆಲ್ಲ ಆದಮೇಲೂ 4ಕೆಯಲ್ಲೇ ನೋಡಬೇಕು ಎನ್ನುವವರಿಗೆ ಹಳೆಯ ಕಂಪ್ಯೂಟರ್ ಸಾಲದು. ಆಗಲೂ ಹೊಸ ಕಂಪ್ಯೂಟರ್ ಒಂದೇ ದಾರಿಯಲ್ಲ. ಟಿವಿಗೆ ಚುಚ್ಚುವ 4ಕೆ ಸ್ಟ್ರೀಮಿಂಗ್ ಸ್ಟಿಕ್‌ನೊಳಗೇ ವಿಡಿಯೋ ಬಿಡಿಸುವ ಚಿಪ್ ಇರುತ್ತದೆ, ಬೆಲೆ ಲ್ಯಾಪ್‌ಟಾಪ್‌ನ ಸಣ್ಣ ಪಾಲು. ಮಾನಿಟರ್‌ಗೆ ಹಾಕುವುದಾದರೆ ಅದು 4ಕೆ ಮಾನಿಟರ್ ಹೌದೇ, ಎಚ್‌ಡಿಎಂಐ ಪೋರ್ಟ್ ಇದೆಯೇ, ಸ್ಪೀಕರ್ ಇದೆಯೇ ಎಂದು ಕೊಳ್ಳುವ ಮುನ್ನ ನೋಡಿ. ಬಹಳಷ್ಟು ಮಾನಿಟರ್‌ಗಳಲ್ಲಿ ಸ್ಪೀಕರ್ ಇರುವುದಿಲ್ಲ.