ಮೈ ಇಳೀತು, ಅರಿವಿ ಉಳೀತು

ತೂಕ ಇಳಿಸಿಕೊಂಡವರಿಗೆಲ್ಲ ಕೊನೆಗೆ ಎದುರಾಗೋ ಪ್ರಶ್ನೆ ಒಂದೇ. ಹಳೆ ಬಟ್ಟೆ ಏನು ಮಾಡೋದು? ಸಕ್ಕರೆ ಕಾಯಿಲೆ ಅಂತ ಡಾಕ್ಟರು ಹೆದರಿಸಿದ್ದಕ್ಕೋ, ದಿನಾ ಬೆಳಿಗ್ಗೆ ನಡೆದಿದ್ದಕ್ಕೋ ಹತ್ತು-ಹನ್ನೆರಡು ಕೆಜಿ ಇಳಿದಿರುತ್ತೆ. ಬೆಲ್ಟಿನ ಕೊನೆಯ ತೂತಿಗೂ ಪ್ಯಾಂಟು ನಿಲ್ಲೋದಿಲ್ಲ. ಅಂಗಿ ಗೂಟಕ್ಕೆ ನೇತು ಹಾಕಿದ ಹಾಗೆ ಕಾಣುತ್ತೆ. ಆದ್ರೆ ಬಟ್ಟೆ ಹರಿದಿಲ್ಲ, ಬಣ್ಣ ಹೋಗಿಲ್ಲ. ಇಟ್ಟುಕೊಂಡರೆ 'ಮತ್ತೆ ದಪ್ಪ ಆಗ್ತೀನಿ' ಅಂತ ನಾವೇ ಒಪ್ಪಿಕೊಂಡ ಹಾಗೆ. ಕೊಟ್ಟುಬಿಟ್ಟು, ಆಮೇಲೆ ನಿಜವಾಗ್ಲೂ ದಪ್ಪ ಆದ್ರೆ?

ಇದು ಇಂದಿನವರ ತಲೆನೋವು ನಿಜ. ಆದ್ರೆ ಇದಕ್ಕೂ ಒಂದು ಇತಿಹಾಸ ಇದೆ, ಅದರ ಒಂದು ತುದಿ ನಮ್ಮ ಭಾಗ್ಯನಗರದಲ್ಲಿದೆ. ಕೊಪ್ಪಳದಿಂದ ರೈಲು ಹಳಿ ದಾಟಿದರೆ ಭಾಗ್ಯನಗರ. ಎರಡು ಕಸುಬಿಗೆ ಹೆಸರಾದ ಊರು. ಒಂದು ನೇಕಾರಿಕೆ. ಇನ್ನೊಂದು ಕೂದಲು. ಹೌದು, ಬಾಚಣಿಗೆಗೆ ಸಿಕ್ಕು ಉದುರೋ ಕೂದಲು! ಊರೂರು ತಿರುಗಿ ಸಣ್ಣಪುಟ್ಟ ಸಾಮಾನು ಕೊಟ್ಟು ಕೂಡಿಸಿ ತಂದ ಕೂದಲ ಉಂಡೆಗಳನ್ನ ಇಲ್ಲಿ ಸಿಕ್ಕು ಬಿಡಿಸಿ, ಉದ್ದ ನೋಡಿ ವಿಂಗಡಿಸಿ ಹೊರದೇಶಕ್ಕೆ ಕಳಿಸ್ತಾರೆ, ವಿಗ್ ಮಾಡೋದಕ್ಕೆ. ಹೊಸ ಬಟ್ಟೆ ನೇಯೋದನ್ನೂ, ಮೈಯಿಂದ ಬಿದ್ದಿದ್ದನ್ನ ಬಿಸಾಡದೆ ಬಳಸೋದನ್ನೂ ಒಟ್ಟಿಗೆ ಬಲ್ಲ ಊರು ಇದು.

ಅಳತೆ ಇಲ್ಲದ ಅರಿವಿ

ನಮ್ಮ ಕಡೆ ಬಟ್ಟೆಗೆ ಅರಿವಿ ಅಂತೀವಿ. ಹಿಂದಿನವರ ಅರಿವಿ ಯಾವುದು ನೋಡಿ. ಗಂಡಸರಿಗೆ ಧೋತರ, ರುಮಾಲು, ಹೆಗಲ ಮೇಲೊಂದು ವಲ್ಲಿ. ಹೆಂಗಸರಿಗೆ ಇಳಕಲ್ ಸೀರೆ. ಇದ್ಯಾವುದಕ್ಕೂ ಹೊಲಿಗೆ ಇಲ್ಲ. ಮೈ ಇಳಿದರೆ ನಿರಿಗೆ ಎರಡು ಹೆಚ್ಚು, ಮೈ ಬಂದರೆ ಎರಡು ಕಡಿಮೆ, ಅಷ್ಟೇ. ಮದುವೆಯಲ್ಲಿ ಉಟ್ಟ ಸೀರೆಯನ್ನೇ ಅಜ್ಜಿ ಮೊಮ್ಮಗಳ ಮದುವೆಗೂ ಉಡಬಹುದಿತ್ತು.

ಹೊಲಿಗೆ ಇದ್ದದ್ದು ಕುಬುಸಕ್ಕೆ. ಗುಳೇದಗುಡ್ಡದ ಖಣದ ಕುಬುಸಕ್ಕೂ ಗುಂಡಿ ಇರಲಿಲ್ಲ. ಮುಂದೆ ಎರಡು ತುದಿ ಎಳೆದು ಗಂಟು ಹಾಕೋದು. ಗಂಟು ಸಡಿಲ ಬಿಟ್ಟರೆ ಒಂದು ಅಳತೆ, ಬಿಗಿ ಹಾಕಿದರೆ ಇನ್ನೊಂದು. ಅದೂ ಸಾಲದ ಕಾಲಕ್ಕೆ ಒಂದು ಶಾಸ್ತ್ರವೇ ಇದೆ. ಬಸುರಿಗೆ ತವರಿನವರು ಸೀರೆ-ಕುಬುಸ ತಂದು ಉಡಿ ತುಂಬೋದಕ್ಕೆ ನಮ್ಮಲ್ಲಿ 'ಕುಬುಸ ಮಾಡೋದು' ಅಂತಲೇ ಹೆಸರು. ಶಾಸ್ತ್ರ ಹೇಗೆ ಹುಟ್ಟಿತೋ, ಮೈ ತುಂಬುವಾಗ ಹೊಸ ಕುಬುಸ ಬೇಕು ಅನ್ನೋ ತಿಳುವಳಿಕೆ ಅದರೊಳಗೆ ಕೂತಿದೆ ಅಂತ ನನಗನ್ನಿಸುತ್ತೆ.

ಐಸಾಕ್ ಸಿಂಗರ್ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1851ರಲ್ಲಿ. 1930ರ ದಶಕದಲ್ಲಿ ಕಲ್ಕತ್ತದಲ್ಲಿ ಉಷಾ ಮಶೀನು ಶುರುವಾದ ಮೇಲೆ ನಮ್ಮ ದೇಶದ್ದೇ ಯಂತ್ರ ಬಂತು. ಸಣ್ಣ ಊರಿಗೂ ಟೇಲರ್ ಬಂದ, ಟೇಪು ಬಂತು. ಎದೆ ಇಷ್ಟು, ಸೊಂಟ ಇಷ್ಟು ಅಂತ ಮೈ ಮೊದಲ ಸಲ ಅಂಕಿಯಾಗಿ ಪಟ್ಟಿ ಸೇರಿತು. ಆಗಲೂ ಟೇಲರ್ ಒಳಗೆ ಒಂದಿಷ್ಟು ಬಟ್ಟೆ ಮಡಚಿ ಬಿಡ್ತಿದ್ದ. ಬಿಚ್ಚಿದರೆ ದೊಡ್ಡದು, ಹಿಡಿದರೆ ಸಣ್ಣದು. ರೆಡಿಮೇಡು ಬಂದ ಮೇಲೆ ಬಿಚ್ಚಿ ದೊಡ್ಡದು ಮಾಡೋದಕ್ಕೆ ಆ ಬಟ್ಟೆಯೂ ಉಳೀಲಿಲ್ಲ. ಈಗ ಬಟ್ಟೆಗೆ ತಕ್ಕಂತೆ ಮೈ ಇರಬೇಕು!

ಸೊರಗೋದು ಅಂದ್ರೆ

ಇನ್ನೊಂದು ಮಾತು. ನಮ್ಮ ಹಿರಿಯರಿಗೆ ತೂಕ ಇಳಿಯೋದು ಸಂತೋಷದ ಸುದ್ದಿ ಆಗಿರಲೇ ಇಲ್ಲ. ಇವತ್ತಿಗೂ ತೆಳ್ಳಗಾಗಿ ಊರಿಗೆ ಹೋದರೆ 'ಯಾಕೋ ತಮ್ಮಾ, ಭಾಳ ಸೊರಗೀಯಲ್ಲ, ಆರಾಮ ಅದೀ ಇಲ್ಲೋ?' ಅಂತಲೇ ಕೇಳೋದು. ಆ ಪ್ರಶ್ನೆ ಹಿಂದೆ ಬರಗಾಲಗಳಿವೆ. 1791ರ ಸುಮಾರಿಗೆ ಬಂದದ್ದಕ್ಕೆ ಡೋಗಿ ಬರ ಅಂತ ಹೆಸರು. ಹೂಳೋರಿಲ್ಲದೆ ತಲೆಬುರುಡೆ ಬಯಲಲ್ಲಿ ಬಿದ್ದಿದ್ದವು ಅನ್ನೋ ನೆನಪು ಆ ಹೆಸರಲ್ಲಿದೆ. 1876–78ರ ಮಹಾಕ್ಷಾಮದಲ್ಲಿ ಪಕ್ಕದ ಬಳ್ಳಾರಿ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಒಂದು. 1877ರಲ್ಲಿ ರಿಚರ್ಡ್ ಟೆಂಪಲ್ ಅನ್ನೋ ಅಧಿಕಾರಿ ಪರಿಹಾರ ಕಾಮಗಾರಿಯ ಕೂಲಿಯನ್ನ ದಿನಕ್ಕೆ ಒಂದು ಪೌಂಡು, ಅಂದರೆ ಸುಮಾರು 450 ಗ್ರಾಂ ಧಾನ್ಯ ಮತ್ತೆ ಚಿಲ್ಲರೆ ಕಾಸಿಗೆ ಇಳಿಸಿದ. ದಿನವಿಡೀ ಕಲ್ಲು-ಮಣ್ಣು ಹೊರೋ ಮೈಗೆ ಅಷ್ಟು! ಮೈ ಇಳಿದು ಬಟ್ಟೆ ಉಳಿಯೋದು ಅನ್ನೋದೇ ಅವರಿಗೆ ಅರ್ಥ ಆಗದ ಮಾತು. ಬರದಲ್ಲಿ ಮೊದಲು ಮಾರಾಟ ಆಗೋದು ಮನೆಯಲ್ಲಿದ್ದ ಪಾತ್ರೆ-ಪಡಗ, ಅರಿವಿಯೇ ಅಲ್ವಾ?

ಹಾಗಾಗಿ ನಮ್ಮ ಬೀರುವಿನ ಗಂಟು ಒಂದು ರೀತಿಯಲ್ಲಿ ಭಾಗ್ಯವೇ. ಆದ್ರೆ ಭಾಗ್ಯಕ್ಕೂ ಒಂದು ಲೆಕ್ಕ ಕೊಡಬೇಕಾಗುತ್ತೆ.

ಆನಂದ ಕೊಟ್ಟ ಲೆಕ್ಕ

ಹಳೆ ಬಟ್ಟೆಯ ಲೆಕ್ಕ ಕೇಳಿದ ಕತೆಯೊಂದು ಬೌದ್ಧರ ವಿನಯ ಪಿಟಕದಲ್ಲಿದೆ. ಕೌಶಾಂಬಿಯ ಉದಯನ ರಾಜನ ರಾಣಿಯರು ಬುದ್ಧನ ಶಿಷ್ಯ ಆನಂದನಿಗೆ 500 ಚೀವರ ಕೊಟ್ಟುಬಿಡ್ತಾರೆ. ರಾಜನಿಗೆ ಸಿಟ್ಟು. ಸನ್ಯಾಸಿಗೆ ಇಷ್ಟು ಬಟ್ಟೆ ಯಾಕೆ, ಅಂಗಡಿ ಇಡ್ತಾನಾ? ಹೋಗಿ ಕೇಳಿಯೇ ಬಿಡ್ತಾನೆ. ಚೀವರ ಹರಿದವರಿಗೆ ಹಂಚ್ತೀವಿ ಅಂತಾನೆ ಆನಂದ. ಅವರ ಹಳೇದು? ಹಾಸಿಗೆ ಮೇಲೆ ಹೊದಿಸ್ತೀವಿ. ಅದರ ಹಳೇದು? ದಿಂಬು-ಹಾಸಿಗೆಯ ಗೌಸು. ಅದು ಹಳೇದಾದ್ರೆ ನೆಲಕ್ಕೆ ಹಾಸು, ಆಮೇಲೆ ಕಾಲೊರೆಸು, ಆಮೇಲೆ ಧೂಳು ಹೊಡೆಯೋ ಅರಿವೆ. ಅದೂ ಚಿಂದಿಯಾದ್ರೆ ಮಣ್ಣಲ್ಲಿ ಕಲಸಿ ಮೆತ್ತೋದಕ್ಕೆ. ರಾಜ ಖುಷಿಯಾಗಿ ಇನ್ನೂ 500 ಕೊಡ್ತಾನೆ.

ಈ ಕತೆ ದೂರದ್ದು ಅನ್ನಿಸಿದರೆ ಕೊಪ್ಪಳದ ಗವಿಮಠದ ಬೆಟ್ಟ ಹತ್ತಿ. ಅಲ್ಲೊಂದು, ಪಾಲ್ಕಿಗುಂಡಿನಲ್ಲೊಂದು ಅಶೋಕನ ಶಾಸನ ಇದೆ. ತಾನು ಬುದ್ಧನ ಉಪಾಸಕ ಅಂತ ಅವನು ಹೇಳಿಕೊಂಡ ಮಾತು ಕಲ್ಲಲ್ಲಿದೆ. ಕತೆ ಇಲ್ಲಿಗೆ ಬಂದಿತ್ತೋ ಇಲ್ಲವೋ, ಅದರಲ್ಲಿನ ಲೆಕ್ಕವನ್ನಂತೂ ಈ ಸೀಮೆಯ ಹೆಂಗಸರು ತಪ್ಪದೆ ಮಾಡಿಕೊಂಡು ಬಂದಿದ್ದಾರೆ. ಅದಕ್ಕೆ ಹೆಸರು ಕೌದಿ.

ಕೌದಿ, ಕಿನ್ನಾಳ, ಪಾತ್ರೆ

ಸವೆದ ಸೀರೆ, ಧೋತರ, ಕುಬುಸದ ತುಂಡು ಎಲ್ಲ ಪದರ ಪದರವಾಗಿ ಹಾಸಿ, ಅಂಚಿನಿಂದ ಶುರು ಮಾಡಿ ಒಳಗೆ ಒಳಗೆ ಸಾಲಾಗಿ ಹೊಲೀತಾ ಹೋಗೋದು. ಮನೆಯವರು ಕೂತು ಹೊಲಿಯೋದೂ ಉಂಟು, ಊರೂರು ತಿರುಗಿ ಹೊಲಿದು ಕೊಡೋ ಹೆಣ್ಣುಮಕ್ಕಳೂ ಉಂಟು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಂಗಸರ ಕೌದಿಗೆ ಮೂಲೆಯಲ್ಲಿ ಪುಟ್ಟ 'ಫೂಲ' ಮಡಚಿ ಹೊಲಿದರೇ ಮುಗಿದ ಲೆಕ್ಕ. ಹುಟ್ಟಿದ ಕೂಸಿಗೆ ಹೊಸ ಅರಿವಿ ಹಾಕೋದಿಲ್ಲ, ತೊಳೆದು ತೊಳೆದು ಮೆತ್ತಗಾದ ಹಳೇ ಅರಿವೀನೇ ಬೇಕು. ಅಜ್ಜನ ಧೋತರ, ಅಜ್ಜಿಯ ಸೀರೆ ಕೂಸಿಗೆ ಹೀಗೆ ಸಿಗ್ತಿತ್ತು. ಹನ್ನೆರಡನೇ ಶತಮಾನದ ಶರಣೆ ಬೊಂತಾದೇವಿಯ ಹೆಸರಲ್ಲೇ 'ಬೊಂತೆ' ಇದೆ. ಬೊಂತೆ ಅಂದ್ರೂ ಚಿಂದಿ ಸೇರಿಸಿ ಹೊಲಿದ ಕೌದಿಯೇ.

ಹತ್ತಿರದ ಕಿನ್ನಾಳಕ್ಕೆ ಹೋದ್ರೆ ಆನಂದನ ಕೊನೆಯ ಮೆಟ್ಟಿಲೂ ಕಾಣುತ್ತೆ. ಅಲ್ಲಿನ ಚಿತ್ರಗಾರರು ಸೆಣಬಿನ ಚಿಂದಿ ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು, ಹುಣಸೆಬೀಜದ ಅಂಟು ಸೇರಿಸಿ 'ಕಿಟ್ಟ' ಮಾಡ್ತಾರೆ. ಗೊಂಬೆ, ದೇವರ ಮೂರ್ತಿಗಳ ಮೈಗೆ ಮೆತ್ತೋದು ಅದನ್ನೇ. ಗೋಣಿಚೀಲದ ಚಿಂದಿ ದೇವರ ಮೈ ಸೇರುತ್ತೆ!

ಕೌದಿಗೆ ಬಾರದ್ದು ಪಾತ್ರೆಯವಳ ಬುಟ್ಟಿಗೆ ಹೋಗ್ತಿತ್ತು. ನಾಲ್ಕು ಪ್ಯಾಂಟಿಗೆ ಒಂದು ಸ್ಟೀಲ್ ಡಬ್ಬಿ, ಅದಕ್ಕೆ ಅರ್ಧ ಗಂಟೆ ಚೌಕಾಸಿ. ಕೂದಲು ಕೊಟ್ಟು ಪಿನ್ನು ತಗೊಳ್ಳೋ ವ್ಯಾಪಾರದ ಅಕ್ಕನೇ ಇದು. ಎರಡರಲ್ಲೂ ಕೊಡೋರಿಗೆ ದಾನ ಮಾಡಿದ ಗರ್ವ ಇಲ್ಲ, ಒಯ್ಯೋರಿಗೆ ಕೈ ಚಾಚಿದ ನಾಚಿಕೆ ಇಲ್ಲ.

ಕೊಡೋದೋ ಬೇಡವೋ

1921ರ ಜುಲೈ 31ರಂದು ಮುಂಬಯಿಯಲ್ಲಿ ಗಾಂಧೀಜಿ ವಿದೇಶಿ ಬಟ್ಟೆಯ ರಾಶಿಗೆ ಬೆಂಕಿ ಇಟ್ಟರು. ಬತ್ತಲೆ ಇರೋರಿಗೆ ಸೇರಬೇಕಾದ ಬಟ್ಟೆ ಸುಡೋದಕ್ಕೆ ನಾವ್ಯಾರು ಅಂತ ರವೀಂದ್ರನಾಥ ಠಾಕೂರರು ಕೇಳಿದರು. ಅಕ್ಟೋಬರಿನಲ್ಲಿ ಗಾಂಧೀಜಿ ಕೊಟ್ಟ ಉತ್ತರದ ಸಾರ ಇಷ್ಟು: ಬಡವನಿಗೆ ಬೇಕಾದ್ದು ಕೆಲಸ, ನಾವು ಬಿಸಾಡಿದ ಬಟ್ಟೆ ಕೊಡೋದು ಅವನಿಗೆ ಅವಮಾನ. ಈ ಎರಡರ ನಡುವೆ ಸೆಪ್ಟೆಂಬರ್ 22ರಂದು ಮಧುರೆಯಲ್ಲಿ ಅವರೇ ತುಂಡು ಪಂಚೆಗೆ ಇಳಿದಿದ್ದರು.

ಸುಡೋದನ್ನ ನಾನು ಒಪ್ಪೋದಿಲ್ಲ. ಆದ್ರೆ ಆ ಉತ್ತರ ನೇಕಾರರ ಊರಿನವರಿಗೆ ಬೇಗ ತಿಳಿಯುತ್ತೆ. ಹಳೆ ಬಟ್ಟೆ ದಾನದ ರೂಪದಲ್ಲಿ ಹೊರಟು ವ್ಯಾಪಾರವಾಗಿ ಬಂದು ಬಿದ್ದ ಕಡೆ ಹೊಸ ಬಟ್ಟೆ ಮಾಡೋರ ಹೊಟ್ಟೆಗೆ ಪೆಟ್ಟು. ರುವಾಂಡ ದೇಶ 2016ರಲ್ಲಿ ಹಳೆ ಬಟ್ಟೆಯ ಆಮದಿಗೆ ಸುಂಕ ಏರಿಸಿತು. 2018ರಲ್ಲಿ ಅಮೆರಿಕ ಅದಕ್ಕೆ ಮುಯ್ಯಿ ತೀರಿಸಿಕೊಂಡು ರುವಾಂಡದ ಬಟ್ಟೆಗಿದ್ದ ಸುಂಕ ವಿನಾಯಿತಿ ಕಿತ್ತುಕೊಂಡಿತು. ಇತ್ತ ದೆಹಲಿಯಲ್ಲಿ 1999ರಲ್ಲಿ ಅಂಶು ಗುಪ್ತ ಶುರು ಮಾಡಿದ ಗೂಂಜ್, ಊರಿನವರು ಬಾವಿ ತೋಡಿ, ರಸ್ತೆ ಮಾಡಿಕೊಂಡದ್ದಕ್ಕೆ ಪ್ರತಿಫಲವಾಗಿ ಬಟ್ಟೆ ಕೊಡುತ್ತೆ. ನಮ್ಮ ಪಾತ್ರೆಯವಳ ಲೆಕ್ಕದ ಹಾಗೆ, ಭಿಕ್ಷೆ ಅಲ್ಲ, ಬದಲಿಗೆ ಬದಲಿ.

ಹಾಗಾದ್ರೆ ಬೀರುವಿನ ಗಂಟಿಗೆ ಏನು? ಹತ್ತಿ ಬಟ್ಟೆಯೆಲ್ಲ ಕೌದಿಗೆ, ಅದರಲ್ಲಿ ಎರಡು ಮಾತಿಲ್ಲ. 1960ರ ದಶಕದ ನಂತರ ಮನೆಮನೆಗೂ ಬಂದ ಟೆರಿಲಿನ್, ಪಾಲಿಸ್ಟರು ಕೌದಿಗೆ ಒಗ್ಗೋದಿಲ್ಲ. ಮೆತ್ತಗಾಗೋದಿಲ್ಲ, ಬೆವರು ಹೀರೋದಿಲ್ಲ, ಮಣ್ಣಿಗೆ ಹಾಕಿದರೂ ಕರಗೋದಿಲ್ಲ. ಅದನ್ನ ಕೂಡಿಟ್ಟುಕೊಂಡು ಕೂತರೆ ಯಾರಿಗೂ ಉಪಯೋಗ ಇಲ್ಲ. ಫ್ಯಾಶನ್ ಮುಗಿಯೋ ಮೊದಲು, ಗುಂಡಿ ಹಾಕಿ, ಒಗೆದು, ಇಸ್ತ್ರಿ ಮಾಡಿ, ನಿಮ್ಮ ಹಳೇ ಅಳತೆಯವರನ್ನ 'ಬೇಕಾ' ಅಂತ ಕೇಳಿ ಕೊಡಿ. ನಿಮ್ಮ ಅಣ್ಣನಿಗೆ ಕೊಡೋಕೆ ನಾಚಿಕೆ ಅನ್ನಿಸೋ ಬಟ್ಟೆ ಬೇರೆ ಯಾರಿಗೂ ಕೊಡಬೇಡಿ. ಮತ್ತೆ ದಪ್ಪ ಆದ್ರೆ? ಭಾಗ್ಯನಗರದಲ್ಲಿ ಮಗ್ಗ ಇನ್ನೂ ನಿಂತಿಲ್ಲ. ಒಂದು ಹೊಸದು ಕೊಳ್ಳಿ, ಆದ್ರೆ ಒಳಗೆ ಎರಡಿಂಚು ಮಡಚಿ ಬಿಡೋದಕ್ಕೆ ಟೇಲರಿಗೆ ಹೇಳಿ :)

ನಿಮ್ಮ ಕಡೆ ಕೌದಿಗೆ ಏನಂತೀರಿ? ನಿಮ್ಮ ಮನೆ ಕೌದಿಯಲ್ಲಿ ಯಾರ ಯಾರ ಸೀರೆ ಇದೆ? ಮನೇಲಿ ಹಿರಿಯರಿದ್ದರೆ ಈಗಲೇ ಕೇಳಿಟ್ಟುಕೊಳ್ಳಿ. ಯಾವ ತುಂಡು ಯಾರದು ಅಂತ ಗುರುತು ಹಿಡಿಯೋರು ಅವರೊಬ್ಬರೇ.