ಇರುಳಿನಲ್ಲಿ ದುಡಿಯುವ ಹಿಟ್ಟು

ಅರಸರು ಗೆದ್ದ ಊರುಗಳೂ ಬಿಟ್ಟ ದತ್ತಿಗಳೂ ಶಾಸನಗಳಲ್ಲಿ ಉಳಿದಿವೆ. ಅಡುಗೆಮನೆಯ ಉಪಾಯಗಳಿಗೆ ಕಲ್ಲು ಕೆತ್ತಿಸಿದವರು ಯಾರು? ಆದರೂ ಗೃಹಿಣಿಯ ಬೆಳಗಿನ ಶ್ರಮವನ್ನು ಹಗುರಗೊಳಿಸಿದ ಉಪಾಯವೊಂದು ನಮ್ಮಲ್ಲಿ ಮನೆಮನೆಗೂ ತಿಳಿದಿದೆ. ಇಡ್ಲಿಗೆ ರುಬ್ಬಿದ ಹಿಟ್ಟನ್ನು ರಾತ್ರಿ ಮುಚ್ಚಿಟ್ಟು ಮಲಗುವುದೇ ಅದು. ಮನೆಯವರೆಲ್ಲ ನಿದ್ರಿಸುತ್ತಿರುವಾಗ ಹಿಟ್ಟು ತನ್ನ ಪಾಡಿಗೆ ದುಡಿಯುತ್ತದೆ. ಬೆಳಗ್ಗೆ ಹಬೆಯಲ್ಲಿ ಬೇಯಿಸಿದರಾಯಿತು. ಇಷ್ಟು ಸಾಧಾರಣವಾದ ಈ ಉಪಾಯದ ಚರಿತ್ರೆ ಮಾತ್ರ ಅಷ್ಟು ಸಾಧಾರಣವಲ್ಲ.

ಇಡ್ಲಿಯ ಹೆಸರು ಕನ್ನಡದಲ್ಲಿ ಬಹು ಹಳೆಯದು. ಸುಮಾರು ಕ್ರಿ.ಶ. 920ರ 'ವಡ್ಡಾರಾಧನೆ'ಯಲ್ಲಿ, ಅತಿಥಿಗೆ ಬಡಿಸಿದ ತಿನಿಸುಗಳ ನಡುವೆ 'ಇಡ್ಡಲಿಗೆ' ಕಾಣಿಸುತ್ತದೆ. ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯನು ರಚಿಸಿದ 'ಲೋಕೋಪಕಾರ' ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಾಡುವ ಬಗೆಯನ್ನೇ ಹೇಳುತ್ತದೆ. ಉದ್ದಿನಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ಅರೆದು, ಮೊಸರಿನ ತಿಳಿಯನ್ನೂ ಜೀರಿಗೆ, ಕೊತ್ತಂಬರಿ, ಮೆಣಸು, ಇಂಗುಗಳನ್ನೂ ಬೆರೆಸಬೇಕಂತೆ. ಮಳೆಯ ಲಕ್ಷಣ, ಬಾವಿ ತೋಡುವ ನೆಲೆ, ಸುಗಂಧ, ವೈದ್ಯ ಇವುಗಳ ಸಾಲಿನಲ್ಲಿ ಅಡುಗೆಗೂ ಸ್ಥಾನ ಕೊಟ್ಟ ಗ್ರಂಥವದು. ಮುಂದೆ ಸುಮಾರು 1130ರಲ್ಲಿ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದ ತನ್ನ 'ಮಾನಸೋಲ್ಲಾಸ'ದಲ್ಲಿ ಉದ್ದಿನ ಹಿಟ್ಟಿನ ಸಣ್ಣ ಉಂಡೆಗಳಾದ 'ಇಡ್ಡರಿಕೆ'ಯನ್ನು ವರ್ಣಿಸಿದ್ದಾನೆ.

ಇಲ್ಲೊಂದು ಕುತೂಹಲದ ಸಂಗತಿಯಿದೆ. ಕೊಳ್ಳೇಗಾಲದಲ್ಲಿ ಹುಟ್ಟಿದ ಆಹಾರ ಇತಿಹಾಸಕಾರ ಕೆ. ಟಿ. ಅಚ್ಚಯ್ಯನವರು (1923–2002) ಗುರುತಿಸಿದಂತೆ, ಈ ಹಳೆಯ ಬರಹಗಳಲ್ಲಿ ಮೂರು ಮಾತುಗಳಿಲ್ಲ: ಅಕ್ಕಿಯ ತರಿ, ದೀರ್ಘಕಾಲ ಹುದುಗಲು ಬಿಡುವುದು, ಹಬೆಯಲ್ಲಿ ಬೇಯಿಸುವುದು. ಎಂದರೆ ಇಂದಿನ ಇಡ್ಲಿಯನ್ನು ಇಡ್ಲಿಯಾಗಿಸಿದ ಅಂಶಗಳೇ ಪಂಡಿತರ ಗ್ರಂಥಗಳಲ್ಲಿ ಇಲ್ಲ. ಅವು ಓಲೆಗರಿಯ ಮೂಲಕವಲ್ಲ, ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ದಾಟಿ ಬಂದವು.

ವಿಜ್ಞಾನ ಈ ಉಪಾಯಕ್ಕೆ ಕಾರಣ ಕಂಡುಕೊಂಡದ್ದು ತೀರ ಈಚೆಗೆ. ಲ್ಯೂಕೊನಾಸ್ಟಾಕ್ ಮೆಸೆಂಟರಾಯ್ಡಿಸ್ ಎಂಬ ಸೂಕ್ಷ್ಮಾಣು ಹಿಟ್ಟನ್ನು ಉಬ್ಬಿಸುತ್ತದೆಂದು 1965ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಇದು ಧಾನ್ಯದೊಡನೆಯೇ ಬರುವುದರಿಂದ ಮೊಸರಿಗೆ ಬೇಕಾದಂತೆ ಹೆಪ್ಪು ಬೇಕಿಲ್ಲ. ಅದು ಹೊರಬಿಡುವ ಅನಿಲವನ್ನು ಉದ್ದಿನ ಲೋಳೆ ಹಿಡಿದಿಡುತ್ತದೆ. ಉದ್ದನ್ನು ನೊರೆ ಬರುವಂತೆ ನುಣ್ಣಗೆ, ಅಕ್ಕಿಯನ್ನು ತುಸು ತರಿಯಾಗಿ, ಬೇರೆಬೇರೆಯಾಗಿ ರುಬ್ಬಬೇಕೆಂದು ಹಿರಿಯರು ಹೇಳುತ್ತಿದ್ದುದು ಬರಿಯ ಹಟವಲ್ಲ. ಚಳಿಗಾಲದಲ್ಲಿ ಪಾತ್ರೆಯನ್ನು ಒಲೆಯ ಬಳಿ ಬೆಚ್ಚಗಿಡುವುದು, ಉಕ್ಕಿ ಚೆಲ್ಲದಂತೆ ಅರ್ಧವಷ್ಟೇ ತುಂಬುವುದು, ಇವೂ ಅನುಭವವೇ ಕಲಿಸಿದ ಪಾಠಗಳು.

ಆದರೆ ಇರುಳು ಹಿಟ್ಟು ದುಡಿಯಬೇಕಾದರೆ ಸಂಜೆ ತೋಳು ದುಡಿಯಲೇಬೇಕಿತ್ತು. ಒರಳಿನ ಮುಂದೆ ಕುಳಿತು ಗುಂಡುಕಲ್ಲು ತಿರುಗಿಸುವ ಆ ಕಷ್ಟಕ್ಕೆ ಉಪಾಯ ಸಿಗಲು ಬಹು ಕಾಲ ಹಿಡಿಯಿತು. ಬೆಂಗಳೂರಿನಲ್ಲಿ 1924ರಲ್ಲಿ ಆರಂಭವಾಗಿ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಹೆಸರಾದ ಹೋಟೆಲಿನವರು, ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವ ಬಂದಾಗ ರವೆ ಇಡ್ಲಿಯನ್ನು ಕಂಡುಹಿಡಿದೆವೆನ್ನುತ್ತಾರೆ. ಹುರಿದ ರವೆಗೆ ಮೊಸರು ಕಲಸಿ ಸೋಡಾ ಬೆರೆಸಿದರೆ ರುಬ್ಬುವುದೂ ಇಲ್ಲ, ಇರುಳು ಕಾಯುವುದೂ ಇಲ್ಲ. 1955ರಲ್ಲಿ ಕೊಯಮತ್ತೂರಿನ ಪಿ. ಸಭಾಪತಿಯವರು ವಿದ್ಯುತ್ತಿನಿಂದ ನಡೆಯುವ ಗ್ರೈಂಡರನ್ನು ರೂಪಿಸಿದರು. ಕ್ರಮೇಣ ಒರಳು ಅಡುಗೆಮನೆಯ ಮೂಲೆ ಸೇರಿತು.

ಯಂತ್ರ ರೂಪಿಸಿದವರ ಹೆಸರು ನಮಗೆ ಗೊತ್ತು. ಗ್ರಂಥ ಬರೆದ ಕವಿ, ದೊರೆಗಳ ಹೆಸರೂ ಗೊತ್ತು. ಅಕ್ಕಿಯ ತರಿಯನ್ನು ಉದ್ದಿಗೆ ಕೂಡಿಸಿ, ಮುಚ್ಚಿಟ್ಟು, ಬೆಳಗಿನ ತನಕ ಕಾದು ನೋಡಿದ ಮೊದಲ ಗೃಹಿಣಿಗೆ ಮಾತ್ರ ಹೆಸರಿಲ್ಲ. ಆಕೆ ನಮಗೆ ಉಳಿಸಿಕೊಟ್ಟದ್ದು ತಿಂಡಿಯೊಂದನ್ನೇ ಅಲ್ಲ, ನೆಮ್ಮದಿಯ ಒಂದಿಷ್ಟು ನಿದ್ರೆಯನ್ನೂ ಕೂಡ.